ತಪ್ಪು ನೋಡಲು ಬರುತ್ತಿದ್ದ ಸಾಹೇಬರು

ನನಗಾಗ ಹನ್ನೆರಡು. ಅರವತ್ತು ವರ್ಷದ ಹಿಂದಿನ ಮಾತು, ಇಂಗ್ರೇಜರ ರಾಜ್ಯ. ಪುಣೆಯ ಕಸಬಾ ಪೇಠೆಯಲ್ಲಿ ನಮ್ಮ ಕಾಕಾನಷ್ಟು ಯಂತ್ರ ಕಟ್ಟಿದವರು ಇನ್ನೊಬ್ಬರಿರಲಿಲ್ಲ. ಯಂತ್ರ ನಡೆಯದಿದ್ದರೆ ಅವನಿಗೆ ಚಿಂತೆಯಿರಲಿಲ್ಲ, ನಡೆದುಬಿಟ್ಟರೇ ಕಷ್ಟ!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಧಾರವಾಡದಿಂದ ಅಪ್ಪನ ಬೆನ್ನಿಗೇ ಪುಣೆಗೆ ಬಂದವನು. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ಹತ್ತಾರು ಮನೆಗಳ ನಮ್ಮ ವಾಡೆಯಲ್ಲೇ, ಅಂಗಳದಾಚೆಯ ಒಂದು ಕೋಣೆಯಲ್ಲಿ ಇರುತ್ತಿದ್ದ. ಊಟಕ್ಕೆ ನಮ್ಮ ಮನೆಗೆ ಯಾಕೆ ಬರುತ್ತಿರಲಿಲ್ಲ ಎನ್ನುತ್ತೀರಾ? ಒಮ್ಮೆ ಅವ್ವನ ಬೀಸುಕಲ್ಲಿಗೆ ಸೈಕಲ್ಲಿನ ಚಕ್ರ ಜೋಡಿಸಿದ್ದ. ಮೇಲಿನ ಕಲ್ಲು ಎದ್ದು, ಹೊಸ್ತಿಲು ದಾಟಿ, ತುಳಸಿ ಕಟ್ಟೆಯ ತನಕ ಉರುಳಿಕೊಂಡು ಹೋಯಿತು. ಕಲ್ಲು ಒಳಗೆ ಬಂತು. ಕಾಕಾ ಮಾತ್ರ ಅಂದಿನಿಂದ ಹೊರಗೇ! ಅವ್ವ ತಾಟು ಮುಚ್ಚಿ ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ನಾನು ಅದನ್ನು ಬಾಗಿಲಲ್ಲಿಟ್ಟು ಓಡಿಬರುತ್ತಿದ್ದೆ.

ಆ ಕಾಲಕ್ಕೆ ಸರಕಾರದ ಉದ್ಯೋಗ ಖಾತೆ ಅಂತ ಒಂದಿತ್ತು. ಮನೆಯಲ್ಲೇ ಸಣ್ಣ ಕಸುಬು ಮಾಡುವವರು ಹೊಸ ಯಂತ್ರ ಕಟ್ಟಿದರೆ, ಆ ಖಾತೆಯ ಸಾಹೇಬರು ಮನೆಗೇ ಬಂದು ನೋಡುತ್ತಿದ್ದರು. ಒಪ್ಪಿದರೆ ಹಣದ ಸಹಾಯ. ಇಲ್ಲದಿದ್ದರೆ ತಪ್ಪೆಲ್ಲಿದೆ ಎಂದು ತಿಳಿಸಿ ಹೋಗಿ, ಇನ್ನೊಮ್ಮೆ ಬರುತ್ತಿದ್ದರು. ನಮ್ಮ ಪೇಠೆಗೆ ಬರುತ್ತಿದ್ದವರು ಬೆಳಗಾವಿ ಕಡೆಯವರು. ಕಾಕಾನ ಜೊತೆ ಕನ್ನಡದಲ್ಲೇ ಮಾತು.

ಮೊದಲು ತೋರಿಸಿದ್ದು ರೊಟ್ಟಿ ಬಡಿಯುವ ಯಂತ್ರ. ಹಿಡಿಕೆ ತಿರುಗಿಸಿದರೆ ಮರದ ಕೈ ಹಿಟ್ಟಿನ ಮೇಲೆ ಬಡಿಯಬೇಕು. ಬಡಿಯಿತು. ಬಡಿದದ್ದು ಸಾಲದೆಂದು ರೊಟ್ಟಿಯನ್ನು ಎತ್ತಿ ಒಗೆಯಿತು. ಹಸಿ ರೊಟ್ಟಿ ಹೋಗಿ ಸಾಹೇಬರ ತಲೆಯ ರುಮಾಲಿಗೆ ಮೆತ್ತಿಕೊಂಡಿತು. ಅವರು ಅದನ್ನು ನಿಧಾನಕ್ಕೆ ಬಿಡಿಸಿಕೊಂಡು, ಬೆರಳಲ್ಲಿ ಒತ್ತಿ ನೋಡಿ, “ಹದಾ ಛಲೋ ಅದರಿ. ದಿಕ್ಕ ಅಷ್ಟ ತಪ್ಪೇದ” ಎಂದರು.

ಎರಡನೆಯದು ಮೆಣಸಿನಕಾಯಿ ಕುಟ್ಟುವ ಯಂತ್ರ. ಅದರ ಬಗ್ಗೆ ಏನು ಹೇಳಲಿ? ವಾಡೆಗೆ ವಾಡೆಯೇ ಕೆಮ್ಮಿತು. ಎದುರುಮನೆಯ ಮರಾಠಿ ಮುದುಕಿ ಯಾರೋ ತೀರಿಕೊಂಡರೆಂದು ತಿಳಿದು ಅಳುತ್ತಲೇ ಬಂದಳು. ಯಾರೂ ಸತ್ತಿಲ್ಲವೆಂದು ಗೊತ್ತಾದ ಮೇಲೆ ಇನ್ನೂ ಜೋರಾಗಿ ಅತ್ತಳು, ಗಾಳಿ ಆಕೆಯ ಕಡೆಗೇ ಇತ್ತು! ಕಾಕಾ ಮತ್ತು ಸಾಹೇಬರು ಕಣ್ಣು ಒರೆಸಿಕೊಳ್ಳುತ್ತ ಎದುರುಬದುರು ಕೂತು ಚಹಾ ಕುಡಿದರು.

ಆ ಚಹಾಕ್ಕೆ ಕಪ್ಪು-ಬಸಿ ಅವ್ವನದು. ಮೊದಲ ಸಲ ಇಸಿದುಕೊಂಡ ಕಾಕಾ ತಿರುಗಿ ಕೊಟ್ಟಿರಲಿಲ್ಲ. ಕೇಳಿದರೆ, ಸಾಹೇಬರು ಮತ್ತೆ ಬರುವವರಿದ್ದಾರೆ ಎನ್ನುತ್ತಿದ್ದ. ತೊಳೆದು ಕಿಟಕಿಯಲ್ಲಿ ಬೋರಲಾಗಿ ಇಟ್ಟಿರುತ್ತಿದ್ದ. ಅವರು ಬರುವ ದಿನ ಬೆಳಗ್ಗೆಯೇ ಸ್ನಾನ ಮಾಡಿ, ಕೋಣೆ ಸಾರಿಸಿ, ಎರಡು ಮಣೆ ಹಾಕಿ ಬಾಗಿಲಲ್ಲಿ ನಿಂತಿರುತ್ತಿದ್ದ. ಸಾಹೇಬರು ಒಂದೊಂದು ಕೀಲು ಮುಟ್ಟಿ, ಇದನ್ನು ಹೀಗೇಕೆ ಮಾಡಿದಿರಿ, ಅದನ್ನು ಹಾಗೇಕೆ ಎಂದು ಕೇಳುತ್ತಿದ್ದರು. ಕಾಕಾ ಹೇಳಿದ್ದೇ ಹೇಳಿದ್ದು. ನಮ್ಮ ಮನೆಯಲ್ಲಿ ಅವನಿಗೆ ಯಾರಾದರೂ ‘ಯಾಕೆ’ ಎಂದದ್ದು ನನಗೆ ನೆನಪಿಲ್ಲ. ‘ಸಾಕು’ ಎಂದದ್ದು ನೆನಪಿದೆ.

ಮೂರನೆಯದು ಶಾವಿಗೆ ಯಂತ್ರ. ಹಳೆಯ ಹೊಲಿಗೆ ಯಂತ್ರದ ಕಾಲಲ್ಲಿ ತುಳಿಯುವ ಹಲಗೆ ಜೋಡಿಸಿದ್ದ. ತುಳಿದರೆ ಶಾವಿಗೆ ಇಳಿಯಬೇಕು. ನಾನು ನಗಲಿಕ್ಕೆಂದೇ ಹೋಗಿ ಹೊಸ್ತಿಲಲ್ಲಿ ಕೂತಿದ್ದೆ. ಕಾಕಾ ತುಳಿದ. ಶಾವಿಗೆ ಕೂದಲೆಳೆಯ ಹಾಗೆ ಇಳಿಯಿತು. ಹಾರಲಿಲ್ಲ, ಹರಿಯಲಿಲ್ಲ, ಯಾರೂ ಕೆಮ್ಮಲಿಲ್ಲ. ಸಾಹೇಬರು ತಾವೂ ತುಳಿದು ನೋಡಿ ಹಿಗ್ಗಿಹೋದರು.

“ಗೆದ್ರಿ ನೀವು. ಇನ್ನ ಮುಂದಿಂದೆಲ್ಲಾ ಆಫೀಸಿನ್ಯಾಗ ಆಗತದ. ನಾ ಮತ್ತ ಬರೂ ಕೆಲಸ ಇಲ್ಲ.”

ಮತ್ತೆ ತುಳಿಯಲು ಹಲಗೆಯ ಮೇಲೆ ಇಟ್ಟಿದ್ದ ಕಾಲನ್ನು ಕಾಕಾ ತೆಗೆದ.

“ಏನರೆ ಒಂದ್ ತಪ್ಪು ಇದ್ದ ಇರತದ್ರಿ. ಇನ್ನೊಮ್ಮೆ ನೋಡ್ರಿ.”

ಚೇಷ್ಟೆ ಮಾಡುತ್ತಿದ್ದಾನೆಂದು ತಿಳಿದು ಸಾಹೇಬರು ನಕ್ಕರು. ಚಹಾ ಕುಡಿದು, ಕೈ ಮುಗಿದು ಹೋದರು. ಕಾಕಾ ಓಣಿಯ ತಿರುವಿನ ತನಕ ಅವರ ಜೊತೆ ನಡೆದುಹೋಗಿ, ಒಬ್ಬನೇ ತಿರುಗಿ ಬಂದ.

ಸಂಜೆ ತಾಟು ಒಯ್ದಾಗ ಹಗ್ಗದ ತುಂಬ ಶಾವಿಗೆ ಒಣಗುತ್ತಿತ್ತು. ಅದರ ಕೆಳಗೆ ಕಾಕಾ ಕೂತಿದ್ದ. ಎರಡೂ ಮಣೆ ಹಾಗೇ ಇದ್ದವು. ಕಿಟಕಿಯಿಂದ ಕಪ್ಪು-ಬಸಿ ತೆಗೆದು ನನ್ನ ಕೈಗಿಟ್ಟ.

“ನಿಮ್ಮವ್ವಗ ಕೊಟ್ಟಬಿಡು. ಇನ್ನ ಬೇಕಾಗೂದಿಲ್ಲ.”

ಅವ್ವನಿಗೆ ಕೊಟ್ಟೆ. ಒಡೆದಿಲ್ಲವಲ್ಲ ಎಂದು ಅವಳು ತಿರುಗಿಸಿ ತಿರುಗಿಸಿ ನೋಡಿ, ಗೋಡೆಯ ಮಾಡದಲ್ಲಿ ಇಟ್ಟಳು.

ಮರುದಿನ ಬೆಳಗ್ಗೆ ಅವ್ವ ನೀರಿಗೆ ಹೋದ ಹೊತ್ತಿನಲ್ಲಿ ನಾನು ಒಂದು ಗುಂಡುಕಲ್ಲು ತಂದು ಬೀಸುಕಲ್ಲಿನ ಗೂಟ ಹೊಡೆದು ಮುರಿದೆ. ಮಾಡದಿಂದ ಕಪ್ಪು-ಬಸಿ ಇಳಿಸಿಕೊಂಡು ಅಂಗಳ ದಾಟಿ, ಅವನ ಕೋಣೆಯ ಒಳಗೇ ಹೋಗಿ ಮಣೆಯ ಮೇಲೆ ಕೂತು, “ಕಾಕಾ, ಬೀಸೂಕಲ್ಲಿನ ಗೂಟ ಮುರದದ. ಯಾಕ ಮುರೀತೋ ಬಂದು ನೋಡು” ಎಂದೆ.