ತುಂಬಿದ ಲೋಟದ ಮರ್ಯಾದೆ

ಮೂಡಿಗೆರೆಯ ಸುದ್ದಿಯನ್ನೆಲ್ಲ ಪತ್ರಿಕೆಗೆ ತಲುಪಿಸುವ ನಾನು, ಮನೆಯಲ್ಲಿ ತಿಳಿಸಬೇಕಾದ್ದನ್ನು ಮರೆಯುವುದರಲ್ಲೂ ಅಷ್ಟೇ ನುರಿತವನು. ಹೋದ ವರ್ಷ ರಜೆ ಹಾಕಿ, ನೇಪಾಳದ ಪೋಖರಾ ಬಳಿಯ ಟಿಬೆಟನ್ ನಿರಾಶ್ರಿತರ ಶಿಬಿರಕ್ಕೆ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸ್ವಯಂಸೇವಕನಾಗಿ ಹೋಗಿದ್ದೆ. ಪರದೇಶದ ಅನುಭವಕ್ಕೆ ಸಜ್ಜಾಗಿ ಜೀಪಿನಿಂದ ಇಳಿದರೆ, ನಾನು ಉಳಿಯಬೇಕಿದ್ದ ಮನೆಯ ಹಿರಿಯ ಹೆಂಗಸು, "ಊಟ ಆಯ್ತಾ?" ಅಂದರು. ಬೈಲಕುಪ್ಪೆಯಲ್ಲಿ ಬೆಳೆದು ನೇಪಾಳಕ್ಕೆ ಮದುವೆಯಾಗಿ ಬಂದವರು; ಕನ್ನಡ ಕುಶಾಲನಗರದ ಸಂತೆಯಲ್ಲಿ ಕಲಿತದ್ದು. ಎಲ್ಲರಂತೆ ನಾನೂ ಅವರನ್ನು 'ಅಮಾಲಾ', ಅಂದರೆ ಅಮ್ಮ, ಎನ್ನತೊಡಗಿದೆ.

ಅಲ್ಲಿ ಬೆಣ್ಣೆ, ಉಪ್ಪು ಹಾಕಿದ ಚಹಾ. ನಮ್ಮ ಕಡೆ ಕೊಟ್ಟ ಕಾಫಿಯನ್ನು ಲೋಟದಲ್ಲಿ ಬಿಟ್ಟರೆ ಮನೆಯವರಿಗೆ ಅವಮಾನ. ಹಾಗಾಗಿ ಉಸಿರು ಬಿಗಿಹಿಡಿದು ಮುಗಿಸುತ್ತಿದ್ದೆ. ಅಮಾಲಾ ಮತ್ತೆ ತುಂಬಿಸುತ್ತಿದ್ದರು. ಅತಿಥಿಯ ಬಟ್ಟಲು ಖಾಲಿ ಇರಬಾರದು, ಸಾಕಾದವನು ಒಂದು ಗುಟುಕು ಕುಡಿದು ಹಾಗೇ ಬಿಡಬೇಕು, ಹೊರಡುವಾಗಷ್ಟೇ ಮುಗಿಸಬೇಕು ಎಂಬ ಪದ್ಧತಿ ತಿಳಿಯುವಷ್ಟರಲ್ಲಿ ನನ್ನ ಪ್ಯಾಂಟು ಬಿಗಿಯಾಗಿತ್ತು.

ಈ ಚಳಿಗಾಲ ಬೈಲಕುಪ್ಪೆಯ ತಂಗಿಯ ಮನೆಗೆ ಬಂದ ಅಮಾಲಾ ನಮ್ಮಲ್ಲಿಗೂ ಬಂದರು. ಮಧ್ಯಾಹ್ನದ ಬಸ್ಸಿಗೆ ವಾಪಸು. ಗಂಡನನ್ನು ತಿಂಗಳುಗಟ್ಟಲೆ ಸಾಕಿದವರನ್ನು ಉಪಚರಿಸಲು ನನ್ನ ಹೆಂಡತಿ ಶಾರದೆಗೆ ಇದ್ದದ್ದು ಆ ಒಂದು ಬೆಳಗು. ತಾನೇ ಹುರಿದು ಪುಡಿ ಮಾಡಿದ ಕಾಫಿ ಕೊಟ್ಟಳು. ಅಮಾಲಾ ಒಂದು ಗುಟುಕು ಹೀರಿ ಲೋಟ ಕೆಳಗಿಟ್ಟರು. ಆರಿತೆಂದು ಶಾರದೆ ಬೇರೆ ತಂದಳು. ಅದಕ್ಕೂ ಅದೇ ಗತಿ. ನನ್ನನ್ನು ಅಡುಗೆಮನೆಗೆ ಕರೆದು, "ನನ್ನ ಕಾಫಿ ಅವ್ರಿಗೆ ಸೇರ್ಲಿಲ್ಲ ಕಣ್ರೀ," ಎಂದಳು. ಕಣ್ಣು ತುಂಬಿತ್ತು.

"ಅದು ಅವರ ಮರ್ಯಾದೆ, ಮಾರಾಯ್ತಿ. ಖಾಲಿ ಮಾಡಿದ್ರೆ ಇನ್ನೂ ಬೇಕು ಅಂತ. ಹೊರಡುವಾಗ ಕುಡೀತಾರೆ."

"ಊರಿಗೆಲ್ಲ ಸುದ್ದಿ ಹೇಳ್ತೀರಿ. ಇದನ್ನ ನಂಗೆ ಈಗ ಹೇಳೋದಾ?"

ಬಸ್ಸಿನ ಹೊತ್ತಾಯಿತು. ಅಮಾಲಾ ಎದ್ದು, ಆರಿದ ಕಾಫಿಯನ್ನು ಒಂದೇ ಸಲಕ್ಕೆ ಮುಗಿಸಿ, "ಚೆನ್ನಾಗಿದೆ ಮಗಳೇ," ಎಂದರು. ಶಾರದೆಯ ಮುಖ ಅರಳಿತು. ಖಾಲಿ ಲೋಟ ಕಂಡದ್ದೇ ತಡ, ಬಿಸಿ ಕಾಫಿ ಸುರಿದಳು.

"ಬಸ್ಸು ಹೋಗ್ತದೆ," ಎಂದೆ.

"ಹೋಗ್ಲಿ ಬಿಡಿ. ನಾಳೆನೂ ಬರ್ತದೆ."

ಅಮಾಲಾ ಲೋಟ ನೋಡಿದರು, ಅವಳ ಮುಖ ನೋಡಿದರು, ನಕ್ಕು ಕುಳಿತರು.

ಸಂಜೆ ಇಬ್ಬರೂ ಸೇರಿ ಕಾಫಿಗೇ ಬೆಣ್ಣೆ, ಉಪ್ಪು ಹಾಕಿ, ರುಚಿ ಹೇಳಲು ನನ್ನನ್ನು ಕರೆದರು. ಪದ್ಧತಿ ಬಲ್ಲವನಂತೆ ನಾನು ಒಂದು ಗುಟುಕು ಹೀರಿ ಲೋಟ ಕೆಳಗಿಟ್ಟೆ.

"ಹೊರಡುವಾಗ ಕುಡಿಯೋಕೆ ನೀವೆಲ್ಲಿಗೆ ಹೊರಟ್ರಿ?" ಎಂದಳು ಶಾರದೆ. "ಇದು ನಿಮ್ಮದೇ ಮನೆ. ಕುಡೀರಿ."

ಕುಡಿದೆ. ಅಮಾಲಾ ತುಂಬಿಸಿದರು.