ಸರೋಜಳ ಬಾಲ್ದಿಯೂ ಕಂಪ್ಯೂಟರಿನ ಸೊನ್ನೆಯೂ

ಕಂಪ್ಯೂಟರು ಕೆಟ್ಟಿರಲಿಲ್ಲ, ಸುಳ್ಳು ಬರೆದವಳು ನಾನು. ಮೂರನೇ ಕ್ಲಾಸು ಓದಿದವಳ ಸುಳ್ಳು ಹಿಡಿಯಲು ಅಷ್ಟು ದೊಡ್ಡ ಯಂತ್ರ ಬೇಕಾಯಿತಲ್ಲ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇದೆ.

ಮೊಮ್ಮಗಳು ಶ್ರಾವ್ಯಳಿಗೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ. ನಾಲ್ಕು ಮನೆಯವರು ನಾಲ್ಕು ದಿನ ಎಷ್ಟೆಷ್ಟು ಬಾಲ್ದಿ ನೀರು ಹಿಡಿದಿಡುತ್ತಾರೆಂದು ಬರೆದು, ಆ ಹದಿನಾರು ಅಂಕಿಗಳ ಚೌಕದ ಮೇಲೆ ಏನೋ ಲೆಕ್ಕ ಮಾಡಿ ಸೋಮವಾರ ಒಪ್ಪಿಸಬೇಕಿತ್ತು. ಮುಂಬಯಿಯ ಭಾಂಡುಪಿನ ನಮ್ಮ ಬಿಲ್ಡಿಂಗಿಗೆ ನೀರು ಬರುವುದು ಬೆಳಿಗ್ಗೆ ಒಂದು ಗಂಟೆ. ಅವಳು ಲೋಕಲ್ ರೈಲು ಹಿಡಿಯಲು ಓಡುವುದೂ ಆಗಲೇ. ಹಾಗಾಗಿ ಕೇಳಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ನಮ್ಮದು, ಪಕ್ಕದ ರತ್ನಳದು, ಎದುರು ಮನೆಯದು ಸುಲಭ. ನಾಲ್ಕನೆಯದು ಮೂರನೇ ಮಾಳಿಗೆಯ ಸರೋಜಳದು. ಬಿಲ್ಡಿಂಗಿನ ನೀರೆಲ್ಲ ಅವಳೇ ಖಾಲಿ ಮಾಡುತ್ತಾಳೆಂದು ನಾನು ಸೊಸೈಟಿ ಮೀಟಿಂಗಿನಲ್ಲಿ ಹೇಳಿದ ಮೇಲೆ ಎರಡು ವರ್ಷದಿಂದ ಮಾತಿಲ್ಲ. ರತ್ನಳ ಮನೆಯಲ್ಲಿ ಮೂರು ಜನ, ಸರೋಜಳ ಮನೆಯಲ್ಲಿ ಆರು. ಮೆಟ್ಟಿಲು ಹತ್ತುವುದೇಕೆ? ನಾಲ್ಕೂ ದಿನ ರತ್ನಳ ಅಂಕಿಯ ಎರಡರಷ್ಟು ಬರೆದೆ.

ಬುಧವಾರ ಸಂಜೆ ಶ್ರಾವ್ಯ ಅಂಕಿಗಳನ್ನು ತುಂಬಿಸಿ, ಕೆಳಗೆ ಒಂದು ಪುಟ್ಟ ಸಾಲು ಬರೆದು ಕೀಲಿ ಒತ್ತಿದಳು. ಇಡೀ ಚೌಕಕ್ಕೆ ಸೇರಿ ಒಂದೇ ಉತ್ತರ ಬಂತು: ಸೊನ್ನೆ.

"ಡಿಟರ್ಮಿನೆಂಟ್ ಝೀರೋ, ಅಜ್ಜಿ. ಝೀರೋ ಆದ್ರೆ ಮುಂದಿನ ಲೆಕ್ಕ ಕುಛ್ ಆಗಲ್ಲ."

ಮೂರು ಸಲ ಟೈಪ್ ಮಾಡಿದಳು. ತನ್ನದೇ ತಪ್ಪೆಂದು ಕಣ್ಣೊರೆಸಿಕೊಂಡಳು. ನಾನು ಬೀನ್ಸಿನ ನಾರು ತೆಗೆಯುತ್ತಿದ್ದೆ.

"ಸೊನ್ನೆ ಅಂದ್ರೆ ಎಂತ?"

"ಒಂದು ಲೈನ್ ದೂಸರಾ ಲೈನ್‌ದೇ ಕಾಪಿ ಥರ. ಅದರಲ್ಲಿ ಹೊಸದು ಏನೂ ಇಲ್ಲ." ಹೇಳುತ್ತಲೇ ಪರದೆಯತ್ತ ಬಗ್ಗಿದಳು. "ಸರೋಜ ಆಂಟಿದು ದಿನಾ ರತ್ನ ಆಂಟಿದು ಡಬಲ್ ಹೇಗೆ? ಅಜ್ಜಿ, ನೀವು ಪೂಛಾ ಹೀ ನಹೀ ನಾ?"

ಬೀನ್ಸು ಕೈಯಲ್ಲೇ ಉಳಿಯಿತು. ಆ ಪೆಟ್ಟಿಗೆ ಸರೋಜಳನ್ನು ಕಂಡಿಲ್ಲ, ನಮ್ಮ ಜಗಳ ಕೇಳಿಲ್ಲ. ಆದರೂ ಬರೀ ಅಂಕಿ ನೋಡಿ, ಒಂದು ಮನೆಯ ಬಾಗಿಲನ್ನು ಯಾರೂ ತಟ್ಟಿಲ್ಲವೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಟ್ಟಿತು. ಇಷ್ಟು ವರ್ಷ ದೇವರಿಗೆ ಕೈಮುಗಿದಿದ್ದೇನೆ, ಅವನೂ ನನ್ನನ್ನು ಇಷ್ಟು ಬೇಗ ಹಿಡಿದವನಲ್ಲ.

"ಕೇಳಲಿಲ್ಲ," ಎಂದೆ. "ಸೋಮವಾರಕ್ಕೆ ಇನ್ನೂ ನಾಲ್ಕು ಬೆಳಗುಂಟು. ಅಳಬೇಡ."

ಮರುದಿನ ನೀರು ಬಂದ ಕೂಡಲೇ ಮಂಡಿ ಹಿಡಿದುಕೊಂಡು ಮೂರು ಮಾಳಿಗೆ ಹತ್ತಿದೆ. ಸರೋಜ ಬಾಗಿಲು ತೆರೆದು ನನ್ನ ಪೆನ್ಸಿಲು ನೋಡಿದಳು.

"ಏನು, ಮತ್ತೆ ಮೀಟಿಂಗಾ?"

"ಮೊಮ್ಮಗಳ ಕಾಲೇಜಿಗೆ. ಎಷ್ಟು ಬಾಲ್ದಿ?"

"ಏಳು. ನಂಬಿಕೆ ಇಲ್ಲದಿದ್ರೆ ಒಳಗೆ ಬಂದು ಎಣಿಸಿ."

ಹೋಗಿ ಎಣಿಸಿದೆ. ಆರು ಜನಕ್ಕೆ ಏಳೇ. ಕೆಳಗೆ ಬಂದು ಅವಳ ಸಾಲಿನಲ್ಲಿ ಏಳು ಎಂದು ಬರೆದೆ, ನಾಲ್ಕೇ ಜನರಿರುವ ನಮ್ಮ ಸಾಲಿನಲ್ಲಿ ಹನ್ನೊಂದು. ಆಮೇಲೆ ಆ ಚೀಟಿಯನ್ನು ರತ್ನಳ ಕಣ್ಣಿಗೆ ಬೀಳದಂತೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.