ಬುಧವಾರಕ್ಕೆ ಕಾದ ಮರಳು

ಯಾರು ಏನನ್ನು ಎಸೆಯಲಾರರು ಎಂಬುದು ಮನೆ ಬದಲಾಯಿಸುವಾಗ ಗೊತ್ತಾಗುತ್ತದೆ. ನನ್ನ ಹೆಂಡತಿ ಪದ್ಮ ಮದುವೆಯಲ್ಲಿ ಉಡುಗೊರೆ ಬಂದ, ಒಳಗಿನ ಗಾಜು ಒಡೆದ ಫ್ಲಾಸ್ಕನ್ನು ಎಸೆಯಲಾರಳು. ಅಮ್ಮ ಹಳೆಯ ಪಂಚಾಂಗಗಳನ್ನು ಎಸೆಯಲಾರಳು. ಮುಗಿದುಹೋದ ವರ್ಷದ ರಾಹುಕಾಲ ಕಟ್ಟಿಕೊಂಡು ಏನಾಗಬೇಕಮ್ಮ ಎಂದರೆ, "ನಿನ್ನ ಜಾತಕದ ಚೀಟಿ ಅದರಲ್ಲೇ ಎಲ್ಲೋ ಇದೆ ಕಣೋ" ಎನ್ನುತ್ತಾಳೆ. ಇವರಿಬ್ಬರನ್ನೂ ವರ್ಷಗಟ್ಟಲೆ ಗೇಲಿ ಮಾಡಿಕೊಂಡು ಬಂದ ನಾನು, ಹೊಳೆನರಸೀಪುರದಿಂದ ಹಾಸನಕ್ಕೆ ವರ್ಗವಾದಾಗ ಒಂದು ಮೂಟೆ ಕೊಳಕು ಮರಳನ್ನು ಕಟ್ಟಿಕೊಂಡು ಹೊರಟೆ. ಅದೂ ಹೇಮಾವತಿಯ ದಡದ ಊರಿನಿಂದ. ಸಾಮಾನು ಸಾಗಿಸಲು ಟೆಂಪೋ ತಂದಿದ್ದ ಮಲ್ಲಿಪಟ್ಟಣದ ಸಿದ್ದೇಗೌಡರು ಮೂಟೆಯನ್ನು ಎತ್ತಿ ನೋಡಿ, ಕೆಳಗಿಟ್ಟು, "ಇದೇನ್ ಸಾ, ಮರಳಾ? ಹಾಸನದಾಗೆ ಮನೆ ಕಟ್ಟುಸ್ತಾ ಇದೀರಾ?" ಎಂದು ಕೇಳಿದರು. ಬಾಡಿಗೆ ಮನೆ ಎಂದೆ. ಅವರು ಮೂಟೆಯನ್ನು ಟೆಂಪೋಗೆ ಏರಿಸಿದರು, ಮೇಷ್ಟ್ರುಗಳ ಸಹವಾಸ ಅವರಿಗೆ ಹೊಸದಲ್ಲ.

ಆ ಮರಳಿನ ಹಿನ್ನೆಲೆ ಹೇಳದಿದ್ದರೆ ನೀವೂ ಗೌಡರ ಪಕ್ಷವೇ ವಹಿಸುತ್ತೀರಿ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ನಾನು ಒಮ್ಮೆ ಮೌಲ್ಯಮಾಪನಕ್ಕೆಂದು ಮಂಗಳೂರಿಗೆ ಹೋದಾಗ, ಇಳಿದುಕೊಂಡಿದ್ದ ಹೋಟೆಲಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಒಂದನ್ನು ಕಂಡೆ. ತಳದಲ್ಲಿ ಬೆಳ್ಳಗಿನ ಮರಳು, ಅದರ ಮೇಲೆ ಸಮುದ್ರದ ಕಲ್ಲು, ಕಲ್ಲಿನ ಮೇಲೆ ಜೀವವಿರುವ ಹವಳ, ನಡುವೆ ಮೀನು. ಉತ್ತರಪತ್ರಿಕೆಗಳ ರಾಶಿಯಿಂದ ಎದ್ದು ಬಂದವನಿಗೆ ಅದು ವೈಕುಂಠದಂತೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಮನೆಯಲ್ಲಿ ಮೀನು ಎಂಬ ಮಾತೇ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಅಮ್ಮನ ಮುಂದೆ ಮೀನಿನ ಸುದ್ದಿ ಎತ್ತದೆ, ಹವಳ ಮನೆಯಲ್ಲಿದ್ದರೆ ಕುಜನಿಗೆ ಒಳ್ಳೆಯದಂತೆ ಎಂದು ಶುರುಮಾಡಿದೆ. ಹವಳ ಬಂತು, ಅದರ ಹಿಂದೆಯೇ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಮೀನೂ ಬಂದವು. ಅಮ್ಮ ಒಂದು ವಾರ ನಡುಮನೆಯ ಆ ಮೂಲೆಗೆ ಬೆನ್ನು ಹಾಕಿ ಕೂತಳು. ಎರಡನೇ ವಾರ ಓರೆಯಾಗಿ ಕೂತಳು. ತಿಂಗಳಾಗುವಷ್ಟರಲ್ಲಿ ತಾನು ಎಲೆಯ ಮುಂದೆ ಕೂರುವ ಮೊದಲು "ಅವಕ್ಕೆ ಹಾಕಿದೆಯೇನೋ?" ಎಂದು ಕೇಳುವುದು ರೂಢಿಯಾಯಿತು. ಈ ಜಾತಿಯಲ್ಲಿ ದೊಡ್ಡದು ಹೆಣ್ಣು, ಅದರ ಹಿಂದೆ ಹಿಂದೆ ಸುತ್ತುವ ಚಿಕ್ಕದು ಗಂಡು ಎಂದು ನಾನು ವಿವರಿಸಿದ ದಿನ, ಅಮ್ಮ ಪದ್ಮಳನ್ನೂ ನನ್ನನ್ನೂ ಒಮ್ಮೆ ನೋಡಿದಳು. ಅಂದಿನಿಂದ ಅವಳಿಗೆ ಚಿಕ್ಕದರ ಮೇಲೆ ಪ್ರೀತಿ ಜಾಸ್ತಿ.

ಈಗ ಮರಳಿನ ವಿಷಯ. ಅಂಥ ಅಕ್ವೇರಿಯಮ್ಮಿನ ಮರಳಿನಲ್ಲಿ ಕಣ್ಣಿಗೆ ಕಾಣದ ಕೋಟಿ ಜೀವಗಳಿರುತ್ತವೆ. ಮೀನಿನ ಹೊಲಸನ್ನು ಅರಗಿಸಿ ನೀರನ್ನು ಶುದ್ಧವಾಗಿಡುವುದು ಅವೇ. ಆದ್ದರಿಂದ ಹಳೇ ಮರಳನ್ನು ತೊಳೆಯದೆ ಹಾಗೆಯೇ ಹೊಸ ಮನೆಯ ಟ್ಯಾಂಕಿಗೆ ಸುರಿದರೆ ಮೀನುಗಳಿಗೆ ಊರು ಬದಲಾದದ್ದೇ ಗೊತ್ತಾಗುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಬೆಂಗಳೂರಿನಲ್ಲಿ ನನಗೆ ಮೀನು ಕೊಟ್ಟ ಅಂಗಡಿಯ ರಫೀಕ್, "ಬೇಡ ಸಾರ್, ಮೂರು ವರ್ಷದ ಗಲೀಜು ಅಡಿಯಲ್ಲಿ ಕೂತಿರ್ತದೆ, ತೊಳೆದೇ ಹಾಕಿ" ಎಂದು ಫೋನಿನಲ್ಲಿ ಹೇಳಿದ್ದ. ಅವನಿಗೆ ನಾನು ಬ್ಯಾಕ್ಟೀರಿಯಾದ ಬಗ್ಗೆ ಕಾಲು ಗಂಟೆ ಪಾಠ ಮಾಡಿದೆ. ಗೌಡರ ಟೆಂಪೋ ಭಾನುವಾರ ಬಿಡುವಾಗಿತ್ತು. ಆದರೆ ಹೊಸ ಮನೆಯಲ್ಲಿ ಹಾಲು ಉಕ್ಕಿಸದೆ ಒಂದು ಸೌಟೂ ಒಳಗೆ ಹೋಗಕೂಡದು ಎಂದಳು ಅಮ್ಮ. ಸೋಮವಾರ ಅಮಾವಾಸ್ಯೆ. ಮಂಗಳವಾರ ಮಂಗಳವಾರವೇ. ಉಳಿದದ್ದು ಬುಧವಾರ. ಹೀಗಾಗಿ ಸಾಮಾನೆಲ್ಲ ಭಾನುವಾರವೇ ಹೋಗಿ ಹಾಸನದ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತಿತು, ಗೊಬ್ಬರದ ಚೀಲದಲ್ಲಿ ಹುರಿ ಬಿಗಿದು ಕಟ್ಟಿದ್ದ ನನ್ನ ಒದ್ದೆ ಮರಳೂ ಸೇರಿ. ಮೀನು, ಕಲ್ಲು, ಹವಳ ಒಂದು ನೀಲಿ ಡ್ರಮ್ಮಿನಲ್ಲಿ ನಮ್ಮ ಜೊತೆ ಹೊಳೆನರಸೀಪುರದಲ್ಲೇ ಉಳಿದವು. ಅವಕ್ಕೆ ಗಾಳಿ ಬಿಡಲು ಪುಟ್ಟ ಪಂಪಿತ್ತು. ಚೀಲದೊಳಗಿನ ಕೋಟಿ ಜೀವಗಳಿಗೂ ಉಸಿರು ಬೇಕು ಎಂಬುದು ಅವುಗಳ ಬಗ್ಗೆ ಕಾಲು ಗಂಟೆ ಮಾತಾಡಿದ್ದವನಿಗೆ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಹಾಲು ಚೆನ್ನಾಗಿ ಉಕ್ಕಿತು. ಪದ್ಮ ಪಾಯಸಕ್ಕೆ ಇಟ್ಟಳು. ನಾನು ಟ್ಯಾಂಕನ್ನು ಮೇಜಿನ ಮೇಲೆ ಕೂರಿಸಿ, ನಮ್ಮನ್ನೂ ಡ್ರಮ್ಮನ್ನೂ ಕರೆತಂದಿದ್ದ ಗೌಡರ ಕೈಯಲ್ಲಿ ಶೆಡ್ಡಿನಿಂದ ಚೀಲ ತರಿಸಿ ಹುರಿ ಬಿಚ್ಚಿದೆ. ಗಪ್ಪೆಂದು ವಾಸನೆ ಹೊಡೆಯಿತು. ಗೌಡರ ಟೆಂಪೋ ಆಲೂಗೆಡ್ಡೆ ಸಾಗಿಸುವ ಟೆಂಪೋ. ಕೊಳೆತ ಗೆಡ್ಡೆಯ ರಸ ಚೀಲಕ್ಕೆ ತಾಗಿರಬೇಕು ಎಂದೆ. "ಸಾ, ಗೆಡ್ಡೆ ಏರಿ ತಿಂಗಳಾಯ್ತು. ಗಾಡಿ ತೊಳ್ದು ತಂದಿವ್ನಿ. ಇದು ನಿಮ್ ಮರಳೇ ಕಣ್ ಸಾ" ಎಂದರು ಗೌಡರು ಬೇಜಾರಿನಿಂದ. ಹದಿನೆಂಟು ವರ್ಷದಿಂದ, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡನ್ನು ಲ್ಯಾಬಿನಲ್ಲಿ ನಾನೇ ತಯಾರಿಸಿ, ಹುಡುಗರಿಗೆ ಮೂಸಿಸಿ, ವಾಸನೆಯಲ್ಲೇ ಗುರುತು ಹಿಡಿಯಬೇಕು ಎಂದು ಬೋಧಿಸಿದವನು ನಾನು. ಅದೇ ಅನಿಲ ಮನೆಗೆ ಬಂದು ಎದುರಿಗೆ ನಿಂತರೆ, ಪಾಪದ ಆಲೂಗೆಡ್ಡೆಯ ಮೇಲೆ ಹೊರಿಸಿದೆ. ಮರಳು ಸುರಿದೆ. ಡ್ರಮ್ಮಿನ ನೀರನ್ನು ತಳ ಬಿಟ್ಟು ಮೇಲಿನದೆಲ್ಲ ಮೊಗೆದು ಹಾಕಿದೆ, ಕಲ್ಲು ಜೋಡಿಸಿದೆ, ಮೀನು ಬಿಟ್ಟೆ. ಬೆಳ್ಳಗಿದ್ದ ಮರಳಿನಿಂದ ಮಸಿಯಂಥದ್ದು ಎದ್ದು ಟ್ಯಾಂಕೆಲ್ಲ ಹರಡಿತು. "ಈಗ ತಿಳಿಯಾಗುತ್ತೆ" ಎಂದು ಹೇಳಿ ಪಾಯಸ ಕುಡಿಯಲು ಹೋದೆ.

ಅಮ್ಮ ಕೂಗಿದಾಗ ಲೋಟ ಕೈಯಲ್ಲೇ ಇತ್ತು. ದೊಡ್ಡ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಚಿಕ್ಕದು ಒಂದು ಮಗ್ಗುಲಾಗಿ ಬಿದ್ದಿತ್ತು. ಗಾಳಿಯಿಲ್ಲದೆ ಕೊಳೆತ ಮರಳಿನ ವಿಷವೇ ಕಾರಣ ಎಂದು ಗೊತ್ತಿದ್ದೂ ಏನು ಮಾಡಬೇಕೆಂದು ತೋಚದ ಆ ಗಳಿಗೆಯಲ್ಲಿ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಟ್ಯಾಂಕಿಗೆಂದು ಬೆರೆಸಿ ತಂದಿದ್ದ ಹೊಸ ಉಪ್ಪುನೀರು ಎರಡು ಕ್ಯಾನು ಮಿಕ್ಕಿತ್ತು, ಹಾಕಲು ಪಾತ್ರೆ ಇರಲಿಲ್ಲ. ಮೀನು ತಂದ ಡ್ರಮ್ಮು ತೀರ ದೊಡ್ಡದು, ಎರಡು ಕ್ಯಾನು ನೀರು ಅದರಲ್ಲಿ ಗೇಣುದ್ದವೂ ಏರುತ್ತಿರಲಿಲ್ಲ. ಅಷ್ಟರಲ್ಲಿ ಅಮ್ಮ ಒಳಗಿನಿಂದ, ತನ್ನ ಮಡಿನೀರಿಗೆಂದು ಹೊಸದಾಗಿ ಕೊಂಡು, ಯಾರೂ ಮುಟ್ಟದಂತೆ ತಾನೇ ಅರಿಶಿನ ಕುಂಕುಮ ಹಚ್ಚಿಟ್ಟಿದ್ದ ಪ್ಲಾಸ್ಟಿಕ್ ಕೊಡವನ್ನು ತಂದು ಮುಂದಿಟ್ಟಳು. "ಅಮ್ಮ, ಇದು ನಿನ್ನ..." ಎಂದೆ. "ಕುಂಕುಮ ಒರೆಸಿದೀನಿ. ಹಾಕು ಬೇಗ" ಎಂದಳು. ಮೀನುಗಳನ್ನು ಅದಕ್ಕೆ ಬಿಟ್ಟು ಪಂಪಿನ ಕೊಳವೆ ಇಳಿಬಿಟ್ಟೆ. ಅಮ್ಮ ಕೊಡದ ಪಕ್ಕ ಮಣೆ ಹಾಕಿಕೊಂಡು ಕೂತಳು. "ಬುಧವಾರ ಅಂತ ಹಟ ಹಿಡಿದೋಳು ನಾನೇ" ಎಂದು ಒಮ್ಮೆ ಮಾತ್ರ ಹೇಳಿದಳು. ಅವಳ ಕಣ್ಣು ತುಂಬಿದ್ದು ನೋಡಿ ಪದ್ಮ ಪಾಯಸದ ಪಾತ್ರೆಗೆ ಮುಚ್ಚಳ ಹಾಕಿದಳು.

ನಾನು ರಫೀಕನಿಗೆ ಫೋನು ಹಚ್ಚಿ, ಸಲ್ಫೈಡಿನ ಪ್ರಮಾಣ ಅಂದಾಜು ಎಷ್ಟಿರಬಹುದು ಎಂಬಲ್ಲಿಂದ ಶುರುಮಾಡಿದೆ. ಅಮ್ಮ ಕೈಚಾಚಿ ಮೊಬೈಲನ್ನು ಕಿತ್ತುಕೊಂಡಳು. "ನಾನಪ್ಪ, ಇವರ ತಾಯಿ. ಈಗ ಏನು ಮಾಡ್ಬೇಕು ಹೇಳು." ಅವನು ಜೋರಾಗಿ ಮಾತಾಡುವವನು, ಆಚೆ ನಿಂತಿದ್ದ ಗೌಡರಿಗೂ ಕೇಳಿಸಿತು. ಕೆಟ್ಟ ಮರಳನ್ನೆಲ್ಲ ತೆಗೆದು, ಕಪ್ಪು ಹೋಗುವ ತನಕ ತೊಳೆದು, ಬಿಸಿಲಿಗೆ ಹಾಕಿ, ಆಮೇಲೆ ಬಳಸಬಹುದು ಎಂದ. ಆದರೆ ತೊಳೆದರೆ ಒಳ್ಳೇ ಕ್ರಿಮಿಯೂ ಹೋಗುತ್ತೆ, ಬರೀ ಮರಳು ಕೆಲಸ ಮಾಡಲ್ಲ, ಎಲ್ಲಾದರೂ ಸ್ವಲ್ಪ ಒಳ್ಳೇ ಹಳೇ ಮರಳು ಇದ್ದರೆ ಮೇಲೆ ಉದುರಿಸಿ, ಅದರಿಂದ ಮಿಕ್ಕಿದ್ದಕ್ಕೆಲ್ಲ ಹರಡುತ್ತೆ ಎಂದ. "ಹೆಪ್ಪು ಅನ್ನು" ಎಂದಳು ಅಮ್ಮ. "ಹೌದಮ್ಮಾ, ಹೆಪ್ಪೇ" ಎಂದ ರಫೀಕ್. ಅಮ್ಮ ನನ್ನ ಕಡೆ ತಿರುಗಿದಳು. "ಮೊಸರು ಮಾಡೋಕೆ ಒಂದು ಚಮಚ ಹೆಪ್ಪು ಸಾಕಲ್ಲೋ. ಹುಳಿ ಬಂದಿರೋ ಮೊಸರಿನ ಗಡಿಗೇನೇ ತಂದು ಹಾಲಿಗೆ ಬಗ್ಗಿಸ್ತಾರೇನೋ? ಇಷ್ಟು ದಿನ ಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾ ಅಂತಿದ್ದೆ, ಹೆಪ್ಪು ಅಂದಿದ್ರೆ ನಾನೇ ಹೇಳ್ತಿರಲಿಲ್ವೇ."

ಕೆಟ್ಟ ಮೊಸರಿನಿಂದ ಹೆಪ್ಪು ತೆಗೆಯುವಂತಿಲ್ಲವಲ್ಲ, ಒಳ್ಳೆಯದು ಎಲ್ಲಿಂದ ಬರಬೇಕು? ಅದನ್ನು ಹುಡುಕಿದ್ದೂ ಅಮ್ಮನೇ. ನೀಲಿ ಡ್ರಮ್ಮಿನ ತಳದಲ್ಲಿ, ನಾನು ಮೊಗೆಯದೆ ಬಿಟ್ಟ ನೀರಿನಲ್ಲಿ, ಕಲ್ಲುಗಳಿಂದ ಉದುರಿದ ಒಂದು ಹಿಡಿ ಮರಳಿತ್ತು. ಮೂರು ದಿನವೂ ಗಾಳಿ ಕುಡಿದ ಮರಳು. ಅಮ್ಮ ಬಗ್ಗಿ ಮೂಸಿ, "ಇದು ಹುಳಿ ಬಂದಿಲ್ಲ" ಎಂದಳು. ಮೀನು ಮುಟ್ಟಿದರೆ ನನಗೆ ಸ್ನಾನ ಮಾಡಿಸುತ್ತಿದ್ದ ಅಮ್ಮ ಡ್ರಮ್ಮಿನೊಳಗೆ ತಲೆ ಹಾಕಿ ಮೂಸಿದ್ದನ್ನು ನಾನು ಎಂದೂ ಮರೆಯಲಾರೆ. ಪಂಪಿನ ಇನ್ನೊಂದು ಕೊಳವೆಯನ್ನು ಡ್ರಮ್ಮಿಗೆ ಇಳಿಬಿಟ್ಟು, ಹವಳವನ್ನೂ ಕಲ್ಲುಗಳನ್ನೂ ಟ್ಯಾಂಕಿನಿಂದ ತೆಗೆದು ಆ ಒಂದಿಷ್ಟು ನೀರಿನಲ್ಲೇ ಕೂರಿಸಿದೆವು. ಗೌಡರು ಕೊಳವೆಬಾವಿಯ ನೀರು ಹೊತ್ತು ತಂದರು. ಪದ್ಮ ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆದಳು. ಏಳು ನೀರಿಗೂ ಕಪ್ಪು ಬಿಡಲಿಲ್ಲ, ಒಂಬತ್ತನೆಯದಕ್ಕೆ ಬಿಟ್ಟಿತು. ನನಗೂ ಒಂದು ಕೆಲಸ ಕೊಟ್ಟರು, ದಾರಿಗೆ ಅಡ್ಡ ಬರದೆ ಕೂರುವುದು. ಮಧ್ಯಾಹ್ನ ಚಿಕ್ಕ ಮೀನು ಬಾಲ ಅಲ್ಲಾಡಿಸಿತು. ಸಂಜೆ ಹೊತ್ತಿಗೆ ನೆಟ್ಟಗಾಗಿ ದೊಡ್ಡದರ ಹಿಂದೆ ಸುತ್ತತೊಡಗಿತು. ಆಮೇಲೆಯೇ ಅಮ್ಮ ಪಾಯಸ ಕುಡಿದದ್ದು. ಹವಳವೊಂದು ಮಾತ್ರ ಉಳಿಯಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಮನಸ್ಸು ಪಿಚ್ಚೆನ್ನುತ್ತದೆ, ತಪ್ಪು ನನ್ನದೇ ಆದ್ದರಿಂದ.

ಮರಳು ಒಣಗಿ, ಟ್ಯಾಂಕಿನಲ್ಲಿ ಹರಡಿ, ಮೇಲೆ ಅಮ್ಮ ತನ್ನ ಕೈಯಿಂದಲೇ ಹೆಪ್ಪು ಉದುರಿಸಿ, ನೀರು ಹದಕ್ಕೆ ಬರಲು ಮೂರು ವಾರ ಹಿಡಿಯಿತು. ಅಷ್ಟು ದಿನವೂ ಮೀನುಗಳಿಗೆ ಅವಳ ಕೊಡ, ಅವಳಿಗೆ ಒಂದು ತಂಬಿಗೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಹಳೇ ಮರಳನ್ನು ಮತ್ತೆ ಬಳಸುವ ಈ ವಿಧಾನವನ್ನು ಸಾಕಷ್ಟು ಗಾಂಭೀರ್ಯದಿಂದ ವಿವರಿಸಿ, ನಾನೇ ಕಂಡುಹಿಡಿದೆ ಎಂದು ಹೇಳದಿದ್ದರೂ, ಕೇಳಿದವರು ಹಾಗೆ ತಿಳಿಯಲು ಬಿಟ್ಟೆ. ನಾಲ್ಕಾರು ತಿಂಗಳ ಮೇಲೆ ರಫೀಕನ ಫೋನು ಬಂತು. ಚನ್ನರಾಯಪಟ್ಟಣದಲ್ಲಿ ಅವನ ಗಿರಾಕಿಯೊಬ್ಬರು ಮನೆ ಬದಲಾಯಿಸುತ್ತಿದ್ದಾರಂತೆ, ಮೂರಡಿ ಟ್ಯಾಂಕಂತೆ, ಹಳೇ ಮರಳಂತೆ. ನಾನು ಕುರ್ಚಿ ಎಳೆದುಕೊಂಡು ಗಂಟಲು ಸರಿಮಾಡಿಕೊಂಡೆ. "ನೀವಲ್ಲ ಸಾರ್, ಅಮ್ಮ ಇದ್ರೆ ಸ್ವಲ್ಪ ಕೊಡಿ. ಗಿರಾಕೀನೂ ಲೈನಿಗೆ ಹಾಕ್ತೀನಿ" ಎಂದ. ಕೊಟ್ಟೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನು ಹಿಡಿದು, ಆ ಗೃಹಸ್ಥರು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ಒಂದೇ ಒಂದು ಪ್ರಶ್ನೆ ಕೇಳಿದಳು: "ನಿಮ್ಮ ಮನೇಲಿ ಕಾಲೇಜು ಮೇಷ್ಟ್ರು ಯಾರಾದ್ರೂ ಇದಾರೇನಪ್ಪ? ಇದ್ರೆ, ಮರಳು ತೊಳೆದು ಮುಗಿಯೋ ತನಕ ಎಲ್ಲಾದ್ರೂ ಕಳಿಸಿಬಿಡು."